ಉತ್ತರ ಹೇಳದೆ ಕಲಿಸುವ ಬಗೆ: ತರಗತಿಯಲ್ಲಿ ತರ್ಕದ ಒಗಟುಗಳು

ಹೊಳೆ ದಾಟುವ ಒಗಟು ನಮ್ಮಲ್ಲಿ ಬಹುತೇಕ ಎಲ್ಲರಿಗೂ ಗೊತ್ತು. ಒಬ್ಬನು ಹುಲಿ, ಹಸು ಮತ್ತು ಹುಲ್ಲಿನ ಹೊರೆಯನ್ನು ಆಚೆ ದಡಕ್ಕೆ ಸಾಗಿಸಬೇಕು. ದೋಣಿಯಲ್ಲಿ ಅವನ ಜೊತೆಗೆ ಒಂದಕ್ಕೆ ಮಾತ್ರ ಜಾಗವಿದೆ. ಅವನು ಹತ್ತಿರವಿಲ್ಲದಿದ್ದರೆ ಹುಲಿ ಹಸುವನ್ನು ತಿನ್ನುತ್ತದೆ, ಹಸು ಹುಲ್ಲನ್ನು ತಿನ್ನುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ಕೊಟ್ಟು ಸುಮ್ಮನೆ ನಿಂತು ನೋಡಿದರೆ, ಹಸುವನ್ನೇ ಮೊದಲು ದಾಟಿಸಬೇಕೆಂಬುದು ಹೆಚ್ಚಿನ ಗುಂಪುಗಳಿಗೆ ಬೇಗನೆ ಹೊಳೆಯುತ್ತದೆ. ಆಮೇಲೆ ಹುಲಿಯನ್ನು ಒಯ್ದರೂ ಕಷ್ಟ, ಹುಲ್ಲನ್ನು ಒಯ್ದರೂ ಕಷ್ಟ. ಅಲ್ಲಿಗೆ ಬಂದು ಎಲ್ಲರೂ ನಿಲ್ಲುತ್ತಾರೆ, "ಇದು ಆಗುವುದೇ ಇಲ್ಲ ಸರ್" ಎಂಬ ಮಾತು ಕೇಳಿಬರುತ್ತದೆ. ದಾಟಿಸಿದ ಹಸುವನ್ನು ಮತ್ತೆ ಈಚೆಗೆ ಕರೆತರಬಾರದೆಂದು ಒಗಟಿನಲ್ಲಿ ಎಲ್ಲಿಯೂ ಹೇಳಿಲ್ಲ. ಆ ನಿಯಮವನ್ನು ಸೇರಿಸಿಕೊಂಡವರು ಮಕ್ಕಳೇ. ಮಾಡಿದ ಕೆಲಸವನ್ನು ಬಿಚ್ಚುವುದೆಂದರೆ ತಪ್ಪೊಪ್ಪಿಕೊಂಡಂತೆ ಎಂದು ಅವರು ಎಷ್ಟೋ ವರ್ಷಗಳಿಂದ ನಂಬಿಕೊಂಡು ಬಂದಿರುತ್ತಾರೆ, ಮತ್ತು ಆ ನಂಬಿಕೆಯನ್ನು ಬೆಳೆಸಿದವರಲ್ಲಿ ಕೆಂಪು ಶಾಯಿಯ ಪೆನ್ನು ಹಿಡಿದ ನಾವೂ ಇದ್ದೇವೆ.

ಈ ಒಗಟು ಹೊಸದೇನಲ್ಲ. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿದ್ದ ಆಲ್ಕ್ವಿನ್ ಎಂಬ ಪಂಡಿತನ ಹೆಸರಿನಲ್ಲಿ ಉಳಿದು ಬಂದಿರುವ ಲ್ಯಾಟಿನ್ ಸಂಗ್ರಹವೊಂದರಲ್ಲಿ ಇದೇ ಲೆಕ್ಕ ತೋಳ, ಮೇಕೆ ಮತ್ತು ಎಲೆಕೋಸಿನ ರೂಪದಲ್ಲಿದೆ. ಎಳೆಯರ ಬುದ್ಧಿಯನ್ನು ಸಾಣೆ ಹಿಡಿಯುವುದಕ್ಕೆಂದೇ ಸೇರಿಸಿದ ಸಂಗ್ರಹ ಅದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದ ಕಲಿಕೆಯಲ್ಲಿ ಒಗಟು ಮತ್ತು ಆಟಗಳನ್ನು ನಿಯಮಿತವಾಗಿ ಬಳಸಬೇಕೆಂದು ಹೇಳುತ್ತದೆ. ಬಳಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹೇಗೆ ಬಳಸಿದರೆ ಮಕ್ಕಳಿಗೆ ಸಮಸ್ಯೆ ಬಿಡಿಸುವ ಅಭ್ಯಾಸ ಬೆಳೆಯುತ್ತದೆ, ಹೇಗೆ ಬಳಸಿದರೆ ಅದು ಒಂದು ಪೀರಿಯಡ್ಡಿನ ಮನರಂಜನೆಯಾಗಿ ಮುಗಿದುಹೋಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. "ಅಂಗಡಿಯಿಂದ ತರುವುದು, ಮುಂದಿಟ್ಟುಕೊಂಡು ಅಳುವುದು" ಎಂಬ ಒಗಟಿಗೆ ಈರುಳ್ಳಿ ಎನ್ನುವ ಉತ್ತರ ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಇಲ್ಲ. ಅದನ್ನು ಹಂತಹಂತವಾಗಿ ತಲುಪುವ ದಾರಿಯಿಲ್ಲ. ಅಂಥ ಒಗಟುಗಳು ಭಾಷೆಯ ಸೊಗಸನ್ನು ಕಲಿಸುತ್ತವೆ, ಅವುಗಳ ಜಾಗ ಕನ್ನಡದ ತರಗತಿ. ತರ್ಕದ ಒಗಟಿನಲ್ಲಿ ಬೇಕಾದುದೆಲ್ಲವೂ ಒಗಟಿನೊಳಗೇ ಇರುತ್ತದೆ, ಹೊರಗಿನ ಜ್ಞಾನ ಬೇಕಾಗುವುದಿಲ್ಲ, ಮತ್ತು ಉತ್ತರ ಏಕೆ ಸರಿ ಎಂಬುದನ್ನು ಕೊನೆಯ ಬೆಂಚಿನ ವಿದ್ಯಾರ್ಥಿಗೂ ಒಪ್ಪಿಸಿ ತೋರಿಸಬಹುದು. ಈ ಕಾರಣದಿಂದಲೇ, ಪಠ್ಯದಲ್ಲಿ ಹಿಂದುಳಿದ ಮಕ್ಕಳೂ ಇಲ್ಲಿ ಉಳಿದವರ ಜೊತೆ ಒಂದೇ ಗೆರೆಯಿಂದ ಹೊರಡುತ್ತಾರೆ.

ಆರಂಭದ ವರ್ಷಗಳಲ್ಲಿ ನಾನು ಒಗಟನ್ನು ಕರಿಹಲಗೆಯ ಮೇಲೆ ಬರೆದು "ಯಾರು ಮೊದಲು ಹೇಳುತ್ತೀರಿ" ಎಂದು ಕೇಳುತ್ತಿದ್ದೆ. ಒಂದು ತರಗತಿಯಲ್ಲಿ ಒಬ್ಬ ಹುಡುಗ ಪ್ರತಿ ಸಲವೂ ಅರ್ಧ ನಿಮಿಷದೊಳಗೆ ಉತ್ತರ ಕೂಗುತ್ತಿದ್ದ, ಉಳಿದವರು ಪೆನ್ನು ಕೆಳಗಿಡುತ್ತಿದ್ದರು. ತರಗತಿ ಚುರುಕಾಗಿದೆ ಎಂದು ನಾನು ಸಂತೋಷಪಟ್ಟುಕೊಂಡೆ. ವರ್ಷದ ಕೊನೆಯಲ್ಲಿ ಅವನು ರಜೆ ಹಾಕಿದ ಒಂದು ದಿನ ಅಂಥದೇ ಒಗಟು ಕೊಟ್ಟಾಗ ಇಡೀ ತರಗತಿ ಬಾಗಿಲ ಕಡೆ ನೋಡುತ್ತಾ ಕುಳಿತಿತ್ತು. ವರ್ಷಪೂರ್ತಿ ನಾನು ಕಲಿಸಿದ್ದು ಉತ್ತರಕ್ಕಾಗಿ ಕಾಯುವುದನ್ನು ಎಂದು ಆಗ ಅರ್ಥವಾಯಿತು. ಅಂದಿನಿಂದ ಉತ್ತರವನ್ನು ಕೂಗಿ ಹೇಳುವುದನ್ನು ತರಗತಿಯಲ್ಲಿ ನಿಲ್ಲಿಸಿದ್ದೇನೆ, ನಾನೂ ಉತ್ತರ ಹೇಳುವುದಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಮಗು ಎದುರಿಗೆ ಒದ್ದಾಡುವಾಗ ಬಾಯಿಗೆ ಬಂದ ಉತ್ತರವನ್ನು ನುಂಗಿಕೊಳ್ಳುವುದಕ್ಕೆ ಶಿಕ್ಷಕರಿಗೂ ಅಭ್ಯಾಸ ಬೇಕು.

ತರಗತಿಯ ಏರ್ಪಾಡು ಸರಳವಾಗಿರಲಿ. ವಾರಕ್ಕೆ ಒಂದು ದಿನ, ಒಂದೇ ಒಗಟು, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ಮಕ್ಕಳನ್ನು ಮೂವರಂತೆ ಕೂಡಿಸಿ ಪ್ರತಿ ಗುಂಪಿಗೆ ಒಂದೇ ಹಾಳೆ, ಒಂದೇ ಪೆನ್ಸಿಲ್ ಕೊಡಬೇಕು. ಪೆನ್ಸಿಲ್ ಒಂದೇ ಇರುವುದರಿಂದ ಬರೆಯುವವರಿಗೆ ಉಳಿದವರು ತಮ್ಮ ಯೋಚನೆಯನ್ನು ಮಾತಿನಲ್ಲಿ ಹೇಳಲೇಬೇಕಾಗುತ್ತದೆ; ಮಾತಿಗೆ ಬಂದ ಯೋಚನೆಯಲ್ಲಿ ಬಿರುಕಿದ್ದರೆ ಹೇಳುವವರಿಗೇ ಅದು ಕಾಣುತ್ತದೆ. ಐದು ನಿಮಿಷಕ್ಕೊಮ್ಮೆ ಪೆನ್ಸಿಲ್ ಕೈ ಬದಲಾಗಲಿ. ಮೊದಲ ಮೂರು ನಿಮಿಷ ಮಾತ್ರ ಯಾರೂ ಮಾತಾಡದೆ, ಬರೆಯದೆ, ಒಗಟನ್ನು ಓದಿಕೊಳ್ಳಲಿ, ಏಕೆಂದರೆ ಮಕ್ಕಳು ಮಾಡುವ ತಪ್ಪುಗಳಲ್ಲಿ ದೊಡ್ಡ ಪಾಲು ಅವಸರದ ಓದಿನಿಂದ ಹುಟ್ಟುತ್ತದೆ. ಗುಂಪುಗಳ ನಡುವೆ ಓಡಾಡುವ ಶಿಕ್ಷಕರ ಬಾಯಲ್ಲಿ ಮೂರು ಪ್ರಶ್ನೆಗಳು ಸದಾ ಸಿದ್ಧವಾಗಿರಬೇಕು: ಇದು ನಿಮಗೆ ಹೇಗೆ ಗೊತ್ತಾಯಿತು, ಯಾವ ಸುಳಿವು ಇದನ್ನು ಹೇಳಿತು, ಹೀಗಲ್ಲದೆ ಬೇರೆ ರೀತಿ ಇದ್ದರೆ ಏನಾಗುತ್ತಿತ್ತು. ಉತ್ತರ ಸರಿಯಾಗಿದ್ದಾಗಲೂ ಇವೇ ಪ್ರಶ್ನೆಗಳನ್ನು ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಪ್ರಶ್ನೆ ಬಂತೆಂದರೆ ತಪ್ಪಾಗಿದೆ ಎಂದೇ ಮಕ್ಕಳು ತಿಳಿಯುತ್ತಾರೆ, ಬರೆದುದನ್ನು ತಕ್ಷಣ ಅಳಿಸಿಬಿಡುತ್ತಾರೆ.

ಒಂದು ಒಗಟನ್ನು ಹತ್ತಿರದಿಂದ ನೋಡೋಣ. ಗೌರಿ, ಸಲ್ಮಾ, ಬಸವ, ಜೋಸೆಫ್ ಎಂಬ ನಾಲ್ವರು ಮಧ್ಯಾಹ್ನದ ಬುತ್ತಿ ತಂದಿದ್ದಾರೆ. ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ, ರೊಟ್ಟಿ ಎಂಬ ನಾಲ್ಕರಲ್ಲಿ ಒಬ್ಬೊಬ್ಬರ ಡಬ್ಬಿಯಲ್ಲಿ ಒಂದೊಂದು ಇದೆ. ಸುಳಿವುಗಳು ನಾಲ್ಕು. ಗೌರಿ ಇಡ್ಲಿಯನ್ನೂ ತಂದಿಲ್ಲ, ರೊಟ್ಟಿಯನ್ನೂ ತಂದಿಲ್ಲ. ಇಡ್ಲಿ ತಂದವರು ಸಲ್ಮಾಗೂ ಬಸವನಿಗೂ ಒಂದೊಂದು ಇಡ್ಲಿ ಕೊಟ್ಟರು. ರೊಟ್ಟಿ ತಂದವರ ಪಕ್ಕದಲ್ಲಿ ಬಸವ ಕುಳಿತಿದ್ದ. ಚಿತ್ರಾನ್ನ ತಂದವರಿಗೆ ಗೌರಿ ತನ್ನ ಚಮಚ ಕೊಟ್ಟಳು. ಯಾರ ಡಬ್ಬಿಯಲ್ಲಿ ಏನಿತ್ತು?

ಇದನ್ನು ಕೊಟ್ಟ ಕೂಡಲೇ ಒಂದು ಆಕ್ಷೇಪಣೆ ಬಂದೇ ಬರುತ್ತದೆ: "ಜೋಸೆಫ್ ಬಗ್ಗೆ ಒಂದು ಸುಳಿವೂ ಇಲ್ಲವಲ್ಲ, ಅವನದು ಕಂಡುಹಿಡಿಯುವುದು ಹೇಗೆ?" ಈ ಆಕ್ಷೇಪಣೆಗೆ ಉತ್ತರಿಸಬೇಡಿ. ಉಳಿದ ಮೂವರ ಬಗ್ಗೆ ಏನೇನು ಗೊತ್ತಿದೆಯೋ ಅದನ್ನು ಬರೆಯಿರಿ ಎಂದಷ್ಟೇ ಹೇಳಿ. ನಾಲ್ಕು ಹೆಸರುಗಳನ್ನು ಎಡಕ್ಕೂ ನಾಲ್ಕು ತಿಂಡಿಗಳನ್ನು ಮೇಲಕ್ಕೂ ಬರೆದು ಹದಿನಾರು ಮನೆಗಳ ಕೋಷ್ಟಕ ಹಾಕಿಸಿದರೆ ಕೆಲಸ ಹಗುರವಾಗುತ್ತದೆ. ಆದರೆ ಆ ಕೋಷ್ಟಕವನ್ನು ಮೊದಲ ದಿನವೇ ಕೊಡುವುದಕ್ಕಿಂತ, ಮಕ್ಕಳು ತಮ್ಮದೇ ರೀತಿಯಲ್ಲಿ ಗೀಚಿ, ಗೊಂದಲವಾಗಿ, ಏನಾದರೊಂದು ವ್ಯವಸ್ಥೆ ಬೇಕೆಂದು ಅವರಿಗೇ ಅನ್ನಿಸಿದ ಮೇಲೆ ಕೊಡುವುದು ಒಳ್ಳೆಯದು. ಗೌರಿಯ ಸಾಲಿನಲ್ಲಿ ಇಡ್ಲಿಗೆ ತಪ್ಪು ಗುರುತು ಬೀಳುತ್ತದೆ. ಸಲ್ಮಾ ಮತ್ತು ಬಸವ ಬೇರೆಯವರಿಂದ ಇಡ್ಲಿ ಪಡೆದವರಾದ್ದರಿಂದ ಅವರ ಸಾಲುಗಳಲ್ಲೂ ಇಡ್ಲಿಗೆ ತಪ್ಪು ಗುರುತು. ಇಡ್ಲಿಯ ಕಂಬದಲ್ಲಿ ಮೂರು ತಪ್ಪು ಗುರುತುಗಳು ಒಂದರ ಕೆಳಗೊಂದು ನಿಂತಾಗ, ಉಳಿದ ಒಂದೇ ಒಂದು ಖಾಲಿ ಮನೆ ಜೋಸೆಫನದಾಗಿರುತ್ತದೆ. ಯಾರ ಬಗ್ಗೆ ಏನೂ ಹೇಳಿಲ್ಲವೋ ಅವನೇ ಎಲ್ಲರಿಗಿಂತ ಮೊದಲು ಸಿಕ್ಕಿಬಿಡುತ್ತಾನೆ. ಆ ಕ್ಷಣದಲ್ಲಿ ಮಕ್ಕಳ ಮುಖ ನೋಡಬೇಕು! ಏನಲ್ಲ ಎಂಬುದನ್ನು ತಿಳಿಯುವುದೂ ತಿಳಿವಳಿಕೆಯೇ ಎಂದು ನೂರು ಸಲ ಹೇಳಿದರೂ ಆಗದ ಕೆಲಸ ಆ ಖಾಲಿ ಮನೆಯಿಂದ ಆಗುತ್ತದೆ.

ಮೂರನೆಯ ಸುಳಿವಿನಲ್ಲಿ ಇನ್ನೊಂದು ಪಾಠವಿದೆ. ರೊಟ್ಟಿ ತಂದವರ ಪಕ್ಕದಲ್ಲಿ ಬಸವ ಕುಳಿತಿದ್ದ ಎಂದರೆ, ತನ್ನ ಪಕ್ಕದಲ್ಲಿ ತಾನೇ ಕೂರಲಾಗದ ಕಾರಣ, ಬಸವ ರೊಟ್ಟಿ ತಂದಿಲ್ಲ. ವಾಕ್ಯ ಹೇಳುವುದೊಂದು, ಅದರಿಂದ ಹೊರಡುವುದು ಇನ್ನೊಂದು. ಹೆಚ್ಚಿನ ಗುಂಪುಗಳು ಈ ಸುಳಿವನ್ನು ಕೂರುವ ಜಾಗಕ್ಕೆ ಸಂಬಂಧಿಸಿದ್ದೆಂದು ಬದಿಗಿಡುತ್ತವೆ. ಗೌರಿಯೂ ಅಲ್ಲ, ಬಸವನೂ ಅಲ್ಲ, ಜೋಸೆಫನ ಡಬ್ಬಿಯಲ್ಲಿ ಇಡ್ಲಿ, ಆದ್ದರಿಂದ ರೊಟ್ಟಿ ಸಲ್ಮಾಳದು. ಕೊನೆಯ ಸುಳಿವಿನಿಂದ ಗೌರಿಯದು ಚಿತ್ರಾನ್ನವಲ್ಲ, ಹಾಗಾಗಿ ಅವಳದು ಉಪ್ಪಿಟ್ಟು, ಬಸವನದು ಚಿತ್ರಾನ್ನ. ನಡುವೆ ಯಾರಾದರೂ ಹೆಸರು ನೋಡಿ, ಊರು ನೋಡಿ, "ಬಸವ ಅಂದರೆ ರೊಟ್ಟಿಯೇ ಇರಬೇಕು" ಎಂದು ಊಹಿಸಿದರೆ ಬಯ್ಯಬೇಡಿ, "ಯಾವ ಸುಳಿವು ಹಾಗೆ ಹೇಳಿತು?" ಎಂದು ಕೇಳಿ. ತನ್ನ ಮನಸ್ಸು ಸುಳಿವಿಗಿಂತ ಮುಂದೆ ಓಡಿದ್ದನ್ನು ಮಗು ಆಗ ತಾನೇ ಗುರುತಿಸುತ್ತದೆ. ಒಗಟಿನಲ್ಲಿ ಹೆಸರುಗಳನ್ನು ಬೇರೆಬೇರೆ ಮನೆತನಗಳಿಂದ ಆರಿಸುವುದರ ಒಂದು ಉದ್ದೇಶವೂ ಇದೇ.

ಉತ್ತರ ಸಿಕ್ಕ ಮೇಲೆ ಪಾಠ ಮುಗಿಯಿತೆಂದು ಹಾಳೆ ಮಡಿಸಬಾರದು. ಸಮಸ್ಯೆ ಬಿಡಿಸುವ ಕ್ರಮದ ಬಗ್ಗೆ 1945ರಲ್ಲಿ ಬರೆದ ಗಣಿತಜ್ಞ ಜಾರ್ಜ್ ಪೋಲ್ಯ, ಸಮಸ್ಯೆಯನ್ನು ಅರಿಯುವುದು, ಯೋಜನೆ ಹಾಕುವುದು, ಅದನ್ನು ನಡೆಸುವುದು, ಹಿಂತಿರುಗಿ ನೋಡುವುದು ಎಂಬ ನಾಲ್ಕು ಹಂತಗಳನ್ನು ಹೇಳಿದ. ನಮ್ಮ ತರಗತಿಗಳಲ್ಲಿ ಸಮಯದ ಅಭಾವದಿಂದ ಸದಾ ಬಿಟ್ಟುಹೋಗುವುದು ನಾಲ್ಕನೆಯದು, ನನ್ನ ಅನುಭವದಲ್ಲಿ ಹೆಚ್ಚು ಕಲಿಸುವುದೂ ಅದೇ. ಬುತ್ತಿಯ ಒಗಟಿನಲ್ಲಿ ಹಿಂತಿರುಗಿ ನೋಡಲು ಒಂದು ಸುಲಭ ಉಪಾಯವಿದೆ: ಒಂದು ಸುಳಿವನ್ನು ಅಳಿಸಿ, ಈಗ ಎಷ್ಟು ಉತ್ತರಗಳು ಸಾಧ್ಯ ಎಂದು ಕೇಳಿ. ಮೂರನೆಯ ಸುಳಿವನ್ನು ತೆಗೆದರೆ ಎರಡು ಉತ್ತರಗಳು ಬರುತ್ತವೆ, ನಾಲ್ಕನೆಯದನ್ನು ತೆಗೆದರೂ ಎರಡು. ಮೊದಲನೆಯದನ್ನು ತೆಗೆದರೆ ಏಳು. ಆ ಏಳನ್ನೂ ಒಂದೂ ಬಿಡದಂತೆ, ಒಂದನ್ನೂ ಎರಡು ಸಲ ಬರೆಯದಂತೆ ಪಟ್ಟಿ ಮಾಡುವುದು ಒಂಬತ್ತನೆಯ ತರಗತಿಗೆ ತಕ್ಕ ಕೆಲಸ, ಮತ್ತು ಸಂಭವನೀಯತೆಯ ಅಧ್ಯಾಯ ಬಂದಾಗ ಸಾಧ್ಯ ಫಲಿತಾಂಶಗಳನ್ನು ಎಣಿಸಲು ಬೇಕಾಗುವ ಶಿಸ್ತೂ ಇದೇ ಆಗಿದೆ.

ಹೊಳೆಯ ಒಗಟಿಗೂ ಹೀಗೆ ಮರಳಬಹುದು. ಹಸುವನ್ನು ಒಯ್ದು, ಬರಿದೇ ಬಂದು, ಹುಲಿಯನ್ನು ಒಯ್ದು, ಹಸುವನ್ನು ಮರಳಿ ತಂದು, ಹುಲ್ಲನ್ನು ಒಯ್ದು, ಬರಿದೇ ಬಂದು, ಮತ್ತೆ ಹಸುವನ್ನು ಒಯ್ದರೆ ಏಳು ದಾಟಿನಲ್ಲಿ ಮುಗಿಯುತ್ತದೆ. ಹುಲಿ ಮತ್ತು ಹುಲ್ಲನ್ನು ಅದಲುಬದಲು ಮಾಡಿದರೆ ಇನ್ನೊಂದು ಉತ್ತರ. ಏಳಕ್ಕಿಂತ ಕಡಿಮೆಯಲ್ಲಿ ಏಕೆ ಆಗುವುದಿಲ್ಲ ಎಂದು ಹತ್ತನೆಯ ತರಗತಿಯವರನ್ನು ಕೇಳಿ. ಮನುಷ್ಯ, ಹುಲಿ, ಹಸು, ಹುಲ್ಲು ಎಂಬ ನಾಲ್ಕೂ ಈಚೆ ಅಥವಾ ಆಚೆ ಇರಬಹುದಾದ್ದರಿಂದ ಒಟ್ಟು ಸ್ಥಿತಿಗಳು ಹದಿನಾರು. ಅವುಗಳಲ್ಲಿ ಏನಾದರೊಂದು ತಿಂದುಹೋಗುವ ಸ್ಥಿತಿಗಳು ಆರು, ಉಳಿಯುವುದು ಹತ್ತು. ಆ ಹತ್ತನ್ನು ಹಾಳೆಯ ಮೇಲೆ ಬಿಡಿಬಿಡಿಯಾಗಿ ಬರೆದು, ಒಂದು ದಾಟಿನಲ್ಲಿ ಹೋಗಬಹುದಾದ ಸ್ಥಿತಿಗಳ ನಡುವೆ ಗೆರೆ ಎಳೆದರೆ, ಒಗಟು ಒಂದು ನಕ್ಷೆಯಾಗಿಬಿಡುತ್ತದೆ. ಉತ್ತರವೆಂದರೆ ಆ ನಕ್ಷೆಯಲ್ಲಿ ಆರಂಭದಿಂದ ಕೊನೆಗೆ ಹೋಗುವ ದಾರಿ, ಮತ್ತು ಹಸು ಹಿಂದಕ್ಕೆ ಬರುವ ಹೆಜ್ಜೆ ಆ ದಾರಿಯ ಮೇಲೆಯೇ ಇದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಒಗಟಿನಲ್ಲಿ ಬೆಳೆದ ಚಾತುರ್ಯ ತಾನಾಗಿ ಪಾಠಕ್ಕೆ ಹರಿದು ಬರುತ್ತದೆ ಎಂದು ನಂಬಿ ಕೂರಬಾರದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಹಳ ಶಿಕ್ಷಕರ ನಿರಾಸೆ ಇಲ್ಲಿಂದಲೇ ಶುರುವಾಗುತ್ತದೆ. ಇದನ್ನು ತರಗತಿಯಲ್ಲೇ ಪರೀಕ್ಷಿಸಿ ನೋಡಬಹುದು. ಬಸ್ಸಿನಲ್ಲಿ ಅರ್ಧ ಟಿಕೆಟ್ ಹಿಡಿದವರು ಹನ್ನೆರಡು ವರ್ಷದೊಳಗಿನವರೇ ಆಗಿರಬೇಕು ಎಂಬ ನಿಯಮವಿದೆ ಎಂದುಕೊಳ್ಳಿ. ನಾಲ್ವರು ಪ್ರಯಾಣಿಕರಿದ್ದಾರೆ: ಒಬ್ಬರ ಕೈಯಲ್ಲಿ ಅರ್ಧ ಟಿಕೆಟ್ ಕಾಣುತ್ತಿದೆ, ಇನ್ನೊಬ್ಬರ ಕೈಯಲ್ಲಿ ಪೂರ್ತಿ ಟಿಕೆಟ್, ಈ ಇಬ್ಬರ ವಯಸ್ಸು ತಿಳಿಯದು, ಮೂರನೆಯವರಿಗೆ ಎಂಟು ವರ್ಷ, ನಾಲ್ಕನೆಯವರಿಗೆ ನಲವತ್ತು, ಈ ಇಬ್ಬರ ಟಿಕೆಟ್ ಕಾಣದು. ನಿಯಮ ಮುರಿದಿದೆಯೇ ಎಂದು ತಿಳಿಯಲು ಕಂಡಕ್ಟರ್ ಯಾರನ್ನು ವಿಚಾರಿಸಬೇಕು? ಅರ್ಧ ಟಿಕೆಟ್ಟಿನವರನ್ನು ಮತ್ತು ನಲವತ್ತು ವರ್ಷದವರನ್ನು ಎಂದು ಮಕ್ಕಳು ಹೆಚ್ಚು ಕಷ್ಟವಿಲ್ಲದೆ ಹೇಳುತ್ತಾರೆ. ಈಗ ಮೇಜಿನ ಮೇಲೆ ಅ, ಕ, 4, 7 ಎಂದು ಬರೆದ ನಾಲ್ಕು ಚೀಟಿಗಳನ್ನಿಡಿ. ಪ್ರತಿ ಚೀಟಿಯ ಒಂದು ಮುಖದಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ ಇದೆ; ಸ್ವರದ ಹಿಂದೆ ಸಮಸಂಖ್ಯೆಯೇ ಇರಬೇಕೆಂಬುದು ನಿಯಮ; ಪರೀಕ್ಷಿಸಲು ಯಾವ ಚೀಟಿಗಳನ್ನು ತಿರುವಬೇಕು? ಒಳಗಿನ ತರ್ಕ ಬಸ್ಸಿನದೇ ಆದರೂ ಬಹುಪಾಲು ಕೈಗಳು ಅ ಮತ್ತು 4ರ ಕಡೆ ಹೋಗುತ್ತವೆ. ತಿರುವಬೇಕಾದುದು ಅ ಮತ್ತು 7. ಚೀಟಿಯ ಈ ಪ್ರಶ್ನೆಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ರೂಪಿಸಿದ. ದೊಡ್ಡವರೂ ಇದರಲ್ಲಿ ಎಡವುತ್ತಾರೆ.

ಎರಡನ್ನೂ ಮಾಡಿಸಿದ ಮೇಲೆ, "ಚೀಟಿಯ ಆಟದಲ್ಲಿ ಕಂಡಕ್ಟರ್ ಯಾರು, ನಲವತ್ತು ವರ್ಷದವರು ಯಾರು?" ಎಂದು ಕೇಳಿ. 7 ಎಂಬ ಚೀಟಿಯೇ ಆ ನಲವತ್ತು ವರ್ಷದವರು ಎಂದು ಒಬ್ಬರಾದರೂ ಹೇಳುತ್ತಾರೆ. ಆ ಮಾತನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಒಗಟಿನಿಂದ ಒಗಟಿಗೆ, ಒಗಟಿನಿಂದ ಪಾಠಕ್ಕೆ ಈ ಸೇತುವೆಯನ್ನು ಶಿಕ್ಷಕರೇ ಪ್ರತಿ ಸಲವೂ ಕಟ್ಟಿಸಬೇಕಾಗುತ್ತದೆ. ಪ್ರಮೇಯ ಮತ್ತು ಅದರ ವಿಲೋಮ (ಅದನ್ನೇ ತಿರುಗಿಸಿ ಹೇಳಿದ ಮಾತು) ಒಂದೇ ಅಲ್ಲ ಎಂಬುದನ್ನು ರೇಖಾಗಣಿತದಲ್ಲಿ ಹೇಳುವ ದಿನ ಈ ಚೀಟಿಗಳನ್ನು ಮತ್ತೆ ಹೊರತೆಗೆದರೆ 4ನ್ನು ತಿರುವಿದ್ದರಿಂದ ಏನೂ ತಿಳಿಯಲಿಲ್ಲ ಎಂಬುದು ಅವರಿಗೆ ನೆನಪಾಗುತ್ತದೆ.

ಸುಳ್ಳುಗಾರರ ಒಗಟಿಗೂ ಪಠ್ಯದಲ್ಲಿ ಜೋಡಿಯಿದೆ. ಒಂದು ಊರಿನಲ್ಲಿ ಕೆಲವರು ಯಾವಾಗಲೂ ನಿಜ ಹೇಳುತ್ತಾರೆ, ಉಳಿದವರು ಯಾವಾಗಲೂ ಸುಳ್ಳು ಹೇಳುತ್ತಾರೆ. ಎದುರಿಗೆ ಬಂದ ಇಬ್ಬರಲ್ಲಿ ಒಬ್ಬನು "ನಾವಿಬ್ಬರೂ ಸುಳ್ಳುಗಾರರು" ಎನ್ನುತ್ತಾನೆ. ಅವನು ನಿಜ ಹೇಳುವವನೆಂದು ಹಿಡಿದರೆ ಅವನ ಮಾತಿನಂತೆ ಅವನೇ ಸುಳ್ಳುಗಾರನಾಗಬೇಕು, ಅದು ಹೊಂದುವುದಿಲ್ಲ. ಆದ್ದರಿಂದ ಅವನು ಸುಳ್ಳುಗಾರ, ಅವನ ಮಾತು ಸುಳ್ಳು, ಹಾಗಾದರೆ ಇನ್ನೊಬ್ಬ ನಿಜ ಹೇಳುವವನು. ಹತ್ತನೆಯ ತರಗತಿಯಲ್ಲಿ √2 ಅಭಾಗಲಬ್ಧ ಎಂದು ಸಾಧಿಸುವಾಗ ನಡೆಯುವುದೂ ಇದೇ. ಅದನ್ನು ಭಾಗಲಬ್ಧವೆಂದು ಹಿಡಿದು, ವೈರುಧ್ಯ ಬರುವವರೆಗೆ ನಡೆದು, ಹಿಡಿದದ್ದನ್ನು ಕೈಬಿಡುತ್ತೇವೆ. ಆ ಸಾಧನೆಯನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಮೊದಲ ಸಾಲು ಎಂದೂ ಅರ್ಥವಾಗಿರುವುದಿಲ್ಲ: ಸುಳ್ಳೆಂದು ಗೊತ್ತಿರುವುದನ್ನು ನಿಜವೆಂದು ಏಕೆ ಭಾವಿಸಬೇಕು? ಸುಳ್ಳುಗಾರರ ಊರಿಗೆ ಒಮ್ಮೆ ಹೋಗಿ ಬಂದವರು ಈ ಪ್ರಶ್ನೆ ಕೇಳುವುದಿಲ್ಲ.

ಬೀಜಗಣಿತಕ್ಕೆ ಬೇಕಾದ ಒಗಟು ನಮ್ಮ ನೆಲದಲ್ಲೇ ಇದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ದಾರಿಯಲ್ಲಿ ಹಣದ ಚೀಲ ಕಂಡ ಮೂವರು ವರ್ತಕರ ಲೆಕ್ಕವಿದೆ. ಈ ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟಾಗುತ್ತದೆ ಎಂದು ಮೊದಲನೆಯವನು, ನನಗೆ ಸಿಕ್ಕರೆ ಮೂರರಷ್ಟು ಎಂದು ಎರಡನೆಯವನು, ಐದರಷ್ಟು ಎಂದು ಮೂರನೆಯವನು ಹೇಳುತ್ತಾನೆ. ನಾಲ್ಕು ಅವ್ಯಕ್ತಗಳು, ಮೂರೇ ಸಮೀಕರಣಗಳು. ನೇರವಾಗಿ ಎಕ್ಸ್, ವೈ ಹಾಕಿ ಹೊರಟ ಮಕ್ಕಳು ಬೇಗ ಸುಸ್ತಾಗುತ್ತಾರೆ. ಆಗ ಒಂದೇ ಒಂದು ಪ್ರಶ್ನೆ ಕೇಳಿ: ಚೀಲವನ್ನೂ ಸೇರಿಸಿ ಎಲ್ಲ ಹಣವನ್ನು ಒಂದೇ ರಾಶಿ ಮಾಡಿದರೆ ಮೊದಲನೆಯವನ ಮಾತು ಏನು ಹೇಳುತ್ತದೆ? ಚೀಲ ಸೇರಿದ ಅವನ ಪಾಲು ಉಳಿದಿಬ್ಬರ ಎರಡರಷ್ಟಾದರೆ, ಆ ಇಬ್ಬರ ಹಣ ರಾಶಿಯ ಮೂರನೆಯ ಒಂದು ಭಾಗ. ಹೀಗೆಯೇ ಎರಡನೆಯವನನ್ನು ಬಿಟ್ಟು ಉಳಿದಿಬ್ಬರದು ನಾಲ್ಕನೆಯ ಒಂದು ಭಾಗ, ಮೂರನೆಯವನನ್ನು ಬಿಟ್ಟರೆ ಆರನೆಯ ಒಂದು ಭಾಗ. ಮೂರನ್ನೂ ಕೂಡಿದರೆ ಪ್ರತಿಯೊಬ್ಬನೂ ಎರಡು ಸಲ ಬರುತ್ತಾನೆ, ಮೊತ್ತ ರಾಶಿಯ ಮುಕ್ಕಾಲು. ಆದ್ದರಿಂದ ಮೂವರ ಹಣ ರಾಶಿಯ 3/8, ಚೀಲ 5/8. ರಾಶಿ 24 ಎಂದಿಟ್ಟುಕೊಂಡರೆ ಚೀಲದಲ್ಲಿ 15, ವರ್ತಕರ ಬಳಿ 1, 3 ಮತ್ತು 5. ಇವೇ ಅತಿ ಚಿಕ್ಕ ಪೂರ್ಣಾಂಕಗಳು, ಇವುಗಳ ಯಾವ ಗುಣಕವೂ ಸರಿಹೊಂದುತ್ತದೆ. ಸರಿಯಾದ ಉತ್ತರ ಒಂದಕ್ಕಿಂತ ಹೆಚ್ಚು ಇರಬಹುದೆಂಬುದೇ ಕೆಲವು ಮಕ್ಕಳಿಗೆ ದೊಡ್ಡ ಸುದ್ದಿ.

ಇನ್ನು ಸುಳಿವು ಕೊಡುವ ಬಗೆ. ಪೂರಾ ಸಿಕ್ಕಿಕೊಂಡ ಗುಂಪಿಗೆ ಏನೂ ಹೇಳದೆ ಬಿಟ್ಟರೆ ಅವರು ಮನಸ್ಸನ್ನೇ ಮುಚ್ಚಿಬಿಡುತ್ತಾರೆ, ಆದ್ದರಿಂದ ಮೌನಕ್ಕೂ ಮಿತಿಯಿರಬೇಕು. ಮೊದಲು ಒಗಟನ್ನು ನಿಮ್ಮ ಮಾತಿನಲ್ಲಿ ಹೇಳಿ ಎನ್ನಿ. ಅರ್ಧದಷ್ಟು ಸಲ ಅಷ್ಟರಲ್ಲೇ ಗಂಟು ಸಡಿಲವಾಗುತ್ತದೆ. ಆಗದಿದ್ದರೆ ಅದನ್ನೇ ಚಿಕ್ಕದಾಗಿಸಿ ಕೊಡಿ, ನಾಲ್ಕು ಡಬ್ಬಿಗಳ ಬದಲು ಮೂರು. ಅದೂ ಆಗದಿದ್ದರೆ ಅವರು ಇನ್ನೂ ಮುಟ್ಟದ ಸುಳಿವಿನ ಮೇಲೆ ಬೆರಳಿಟ್ಟು ಮುಂದಕ್ಕೆ ಹೋಗಿ. ಪೀರಿಯಡ್ ಮುಗಿದರೂ ಬಿಡಿಸಲಾಗದ ಗುಂಪು ಹಾಳೆಯನ್ನು ಮನೆಗೆ ಒಯ್ಯಲಿ. ಒಂದು ರಾತ್ರಿ ತಲೆಯಲ್ಲಿ ಉಳಿದ ಒಗಟು ಬೆಳಿಗ್ಗೆ ಬಿಡಿಸಿಕೊಂಡು ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಒತ್ತಡವೂ ಇರುತ್ತದೆ. ಅದರ ಮಾನಸಿಕ ಸಾಮರ್ಥ್ಯ ಪತ್ರಿಕೆಯಲ್ಲಿ 90 ಪ್ರಶ್ನೆಗಳಿಗೆ 90 ನಿಮಿಷ, ಅಂದರೆ ಒಂದಕ್ಕೆ ಒಂದೇ ನಿಮಿಷ. ಬಡ ಮನೆಯ ಮಕ್ಕಳಿಗೆ ಆ ಹಣ ದೊಡ್ಡ ಆಸರೆಯಾದ್ದರಿಂದ ವೇಗದ ತಯಾರಿಯನ್ನು ಬೇಡವೆನ್ನಲಾಗದು. ಆದರೆ ಅದನ್ನು ಬೇರೆ ದಿನ, ಬೇರೆ ಹೆಸರಿನಲ್ಲಿ ನಡೆಸಿ. ವಾರದ ಒಗಟಿನ ಸಮಯಕ್ಕೆ ಗಡಿಯಾರವನ್ನು ತರಬೇಡಿ, ಅಂಕವನ್ನೂ ತರಬೇಡಿ. ಪ್ರಗತಿ ನೋಡಬೇಕೆಂದರೆ ಹಾಳೆಗಳನ್ನು ತೆಗೆದಿಟ್ಟು ಜೂನ್ ತಿಂಗಳಿನದನ್ನೂ ಡಿಸೆಂಬರಿನದನ್ನೂ ಅಕ್ಕಪಕ್ಕ ಇಡಿ. ಜೂನಿನಲ್ಲಿ ಬರಿಯ ಉತ್ತರ ಇದ್ದಲ್ಲಿ ಡಿಸೆಂಬರಿನಲ್ಲಿ "ಆದ್ದರಿಂದ", "ಏಕೆಂದರೆ", "ಒಂದು ವೇಳೆ" ಎಂಬ ಪದಗಳು ಕಾಣಿಸಿಕೊಂಡಿವೆಯೇ, ಹೊಡೆದುಹಾಕಿದ ಸಾಲುಗಳನ್ನು ಓದಲು ಬರುವಂತೆ ಉಳಿಸಿದ್ದಾರೆಯೇ ಎಂದು ನೋಡಿ.

ವರ್ಷದ ಕೊನೆಯ ತಿಂಗಳಲ್ಲಿ ಒಗಟು ಕೊಡುವುದನ್ನು ನಿಲ್ಲಿಸಿ, ಮಾಡಿಸಿ. ಪ್ರತಿ ಗುಂಪೂ ತನ್ನದೇ ಬುತ್ತಿಯ ಒಗಟನ್ನೋ ಜಾತ್ರೆಯ ಒಗಟನ್ನೋ ಬರೆದು ಪಕ್ಕದ ಗುಂಪಿಗೆ ಕೊಡಲಿ. ಕಳೆದ ವರ್ಷ ನಮ್ಮ ತರಗತಿಯ ಮೂವರು ಹುಡುಗಿಯರು ಬರೆದ ಒಗಟು, ಹಾಳೆಯ ಹಿಂಬದಿಯಲ್ಲಿ ಎರಡು ಉತ್ತರಗಳನ್ನೂ "ನಿಮ್ಮ ಸುಳಿವು ಸಾಲದು" ಎಂಬ ಟಿಪ್ಪಣಿಯನ್ನೂ ಹೊತ್ತು ವಾಪಸು ಬಂತು. ಅವರು ವಾದಿಸಲಿಲ್ಲ, ಎರಡೂ ಉತ್ತರಗಳನ್ನು ಸುಳಿವುಗಳ ಜೊತೆ ಹೋಲಿಸಿ ನೋಡಿದರು, ಊಟದ ಗಂಟೆ ಹೊಡೆದರೂ ಏಳದೆ ಐದನೆಯ ಸುಳಿವನ್ನು ಬರೆದರು. ಆ ಹಾಳೆ ಈಗ ನನ್ನ ಕಪಾಟಿನಲ್ಲಿದೆ. ಈ ಜೂನಿನಲ್ಲಿ ಹೊಸ ಎಂಟನೆಯ ತರಗತಿಗೆ ಕೊಡುವ ಮೊದಲ ಒಗಟು ಅದೇ, ಐದನೆಯ ಸುಳಿವನ್ನು ಮಡಿಸಿಟ್ಟು.